ಬೆಂಗಳೂರಿನ ಬಿದ್ದು, ಲಂಡನ್ನಿನ ಸದ್ದು

ನಮ್ಮ ಕುದೂರಿನ ಕಡೆಯವರಿಗೆ ಬೆಂಗಳೂರು ಅಂದರೆ ಮೆಜೆಸ್ಟಿಕ್ಕು, ಯಶವಂತಪುರದ ಮಂಡಿ, ಚಿಕ್ಕಪೇಟೆ, ಹೆಚ್ಚೆಂದರೆ ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳು. ಸೋಲೂರು, ನೆಲಮಂಗಲ ದಾಟಿ ಬಸ್ಸು ಒಳಕ್ಕೆ ಬಂತೆಂದರೆ ಮದುವೆ ಬಟ್ಟೆಯಿಂದ ಹಿಡಿದು ಪಂಪ್‌ಸೆಟ್ಟಿನ ಸಾಮಾನಿನವರೆಗೆ ನಮ್ಮ ಕೆಲಸವೆಲ್ಲ ಇಷ್ಟರಲ್ಲೇ ಮುಗಿದುಹೋಗುತ್ತಿತ್ತು. ಕಬ್ಬನ್ ಪಾರ್ಕಿನ ಆಚೆಗೆ ಇನ್ನೊಂದು ಬೆಂಗಳೂರು ಇತ್ತು. ಹಳಬರು ಅದನ್ನು 'ದಂಡು' ಅನ್ನುತ್ತಿದ್ದರು. ಅಲ್ಲಿ ಏನು ಹಾಡುತ್ತಾರೆ, ಏನು ಕುಣಿಯುತ್ತಾರೆ ಅನ್ನೋದು ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಇವತ್ತು ಬರೆಯುತ್ತಿರುವುದು ಆ ಇನ್ನೊಂದು ಬೆಂಗಳೂರಿನಲ್ಲಿ ಹಾಡಲು ಶುರು ಮಾಡಿದ ಒಬ್ಬ ಹುಡುಗನ ಬಗ್ಗೆ. ಹೆಸರು ಬಿದ್ದು. (ನಗಬೇಡಿ! ಕೊಡವರ ಹೆಸರು ಅದು. ಪೂರ್ತಿ ಹೇಳುವುದಾದರೆ ಬಿದ್ದು ಅಪ್ಪಯ್ಯ.) 1960ರ ದಶಕದಲ್ಲಿ ಬೆಂಗಳೂರಲ್ಲಿ ಗಿಟಾರ್ ಹಿಡಿದು ರಾಕ್ ಅಂಡ್ ರೋಲ್ ಹಾಡಿದವನು. 1974ರಲ್ಲಿ ಇಂಗ್ಲೆಂಡು, ಅಮೆರಿಕ ಎರಡೂ ಕಡೆ ನಂಬರ್ ಒನ್ ಆದ ಹಾಡು ಈತನ ಕೈಯಿಂದ ಬಂತು. 1980ರಲ್ಲಿ ಹಿಂದಿ ಸಿನಿಮಾ ಸಂಗೀತದ ಸದ್ದನ್ನೇ ಬದಲಾಯಿಸಿದ ಹಾಡು ಈತನದು. 1995ರಲ್ಲಿ ಊರೂರಿನ ಟಿವಿಯಲ್ಲಿ ಬಂದ 'ಮೇಡ್ ಇನ್ ಇಂಡಿಯಾ' ಕೂಡ ಈತನದೇ. ಈ ಹಾಡುಗಳನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಕುದೂರಿನ ಜಾತ್ರೆಯಲ್ಲೂ ಕೇಳಿದ್ದಾರೆ.

ಆದರೆ ನಾವು ನಾವೇ ಕೂತು ಕರ್ನಾಟಕದ ಸಂಗೀತದ ಮಾತಾಡುವಾಗ ಈ ಹೆಸರು ಬರುವುದಿಲ್ಲ. ಸುಗಮ ಸಂಗೀತ ಅಂದರೆ ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್. ಸಿನಿಮಾ ಅಂದರೆ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಆಮೇಲೆ ಹಂಸಲೇಖ. ಎಲ್ಲ ಸರಿಯೇ, ಇವರೆಲ್ಲ ದೊಡ್ಡವರೇ. ಬಿದ್ದು ಮಾತ್ರ ಯಾವ ಸಾಲಿಗೂ ಸೇರುವುದಿಲ್ಲ. ಯಾಕೆ ಸೇರುವುದಿಲ್ಲ ಅಂತ ನೋಡಹೊರಟರೆ ಅದು ಬರೀ ಒಬ್ಬ ಹಾಡುಗಾರನ ಕಥೆಯಾಗಿ ಉಳಿಯಲ್ಲ, ನಮ್ಮ ರಾಜಧಾನಿಯ ಕಥೆಯೇ ಆಗುತ್ತದೆ.

* * *

ಮೊದಲು ಆ ಎರಡು ಊರುಗಳ ವಿಷಯ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿ ಜ್ವರದ ಕಾಟ ತಡೆಯಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ತಂದರು. ಕೆಂಪೇಗೌಡರ ಪೇಟೆಯನ್ನು ಬಿಟ್ಟು ಪೂರ್ವಕ್ಕೆ ಹೊಸ ಊರು ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟರೂ ಈ ದಂಡಿನ ಪ್ರದೇಶವನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡೂ ಊರಿನ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಅಂದರೆ ಬಿದ್ದು ತರದ ಹುಡುಗರು ಹುಟ್ಟುವ ಹೊತ್ತಿಗೆ ಬೆಂಗಳೂರು ಆಡಳಿತದಲ್ಲೂ ಎರಡು ಊರೇ.

ಕಾಗದದ ಮೇಲೆ ಊರುಗಳು ಸೇರಿದವು. ಕಿವಿಗಳು ಸೇರಲಿಲ್ಲ. ಪೇಟೆ ಕಡೆ ರಾಮನವಮಿ ಪೆಂಡಾಲಿನ ಕಛೇರಿ, ಹರಿಕಥೆ, ನಾಟಕದ ಕಂಪನಿಯ ಹಾಡು, ಬಸವನಗುಡಿಯ ಸುಗಮ ಸಂಗೀತ. ದಂಡಿನ ಕಡೆ ಚರ್ಚಿನ ಪಿಯಾನೋ, ಸೈನ್ಯದ ಬ್ಯಾಂಡು, ಆಂಗ್ಲೋ-ಇಂಡಿಯನ್ ಮನೆಗಳ ಡ್ಯಾನ್ಸು, ಸೌತ್ ಪೆರೇಡಿನ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾ. (ಸೌತ್ ಪೆರೇಡು ಅಂದರೆ ಈಗಿನ ಎಂ.ಜಿ. ರಸ್ತೆ.) ನಡುವೆ ಒಂದು ಪಾರ್ಕು ಅಷ್ಟೇ. ಆದರೆ ಆ ಪಾರ್ಕು ದಾಟಿ ಹಾಡು ಈ ಕಡೆಗೆ ಬರುತ್ತಿದ್ದದ್ದು ಬಹಳ ಅಪರೂಪ.

* * *

ಇನ್ನು ರೇಡಿಯೋ. ಇದು ಸ್ವಾರಸ್ಯದ ಸಂಗತಿ.

1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರೆ ಆಗುತ್ತಿರಲಿಲ್ಲ. ಜನರ ಅಭಿರುಚಿ ಕೆಡುತ್ತದೆ ಅಂತ ಆಕಾಶವಾಣಿಯಲ್ಲಿ ಸಿನಿಮಾ ಸಂಗೀತವನ್ನು ಹಿಂಡಿ ಹಾಕಿದರು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕಿದರು! ಯುದ್ಧಕಾಲದಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಕೊಲಂಬೋದಲ್ಲಿ ನಿಲ್ಲಿಸಿದ್ದ ಬಲವಾದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಅದು, ಇಡೀ ಇಂಡಿಯಾಕ್ಕೆ ಕೇಳಿಸುತ್ತಿತ್ತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಅಲ್ಲಿಂದಲೇ ಮನೆಮಾತಾದದ್ದು. ಕೊನೆಗೆ ಸರ್ಕಾರವೇ ಸೋತು 1957ರಲ್ಲಿ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಅದೇ ಸಿಲೋನ್ ರೇಡಿಯೋದಲ್ಲಿ ಇಂಗ್ಲಿಷ್ ಹಾಡುಗಳೂ ಬರುತ್ತಿದ್ದವು. ಅಮೆರಿಕದಲ್ಲಿ ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡು ಬಂದದ್ದು 1954ರಲ್ಲಿ. ಬೀಟಲ್ಸ್ ಹುಡುಗರ ಮೊದಲ ರೆಕಾರ್ಡು 1962ರಲ್ಲಿ. ಕರಿಯರ ಬ್ಲೂಸು, ಬಿಳಿಯರ ಹಳ್ಳಿ ಹಾಡು, ಎರಡೂ ಬೆರೆತು, ಗಿಟಾರಿಗೆ ಕರೆಂಟು ಸೇರಿ ಹುಟ್ಟಿದ ಸಂಗೀತ. ಅಲ್ಲಿ ಹೊತ್ತಿದ ಬೆಂಕಿಯ ಕಿಡಿ ಕೊಲಂಬೋ ಮೂಲಕ ಬೆಂಗಳೂರಿಗೆ ಬಿತ್ತು. ಹದಿಹರೆಯದ ಬಿದ್ದು ಆ ಹಾಡುಗಳನ್ನು ಕೇಳಿಕೊಂಡೇ ಬೆಳೆದದ್ದು, ಗಿಟಾರ್ ಕಲಿತದ್ದು. ಕೇಸ್ಕರ್ ಅವರು ಯಾವ ಬಾಗಿಲು ಹಾಕಿದರೋ, ಇನ್ನೊಂದು ಬಾಗಿಲು ತಾನಾಗಿ ತೆರೆದುಕೊಂಡಿತು.

ಗೆಳೆಯರ ಜೊತೆ ಸೇರಿ ಬಿದ್ದು ಒಂದು ಬ್ಯಾಂಡ್ ಕಟ್ಟಿದ. ಹೆಸರು 'ದ ಟ್ರೋಜನ್ಸ್'. ಬೆಂಗಳೂರಿನ ಕ್ಲಬ್ಬುಗಳಲ್ಲಿ ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಇವರ ಹಾಡುಗಳನ್ನು ಹಾಡುತ್ತಿದ್ದರು. ಇನ್ನೊಬ್ಬರ ಹಾಡನ್ನು ಚೆನ್ನಾಗಿ ಹಾಡುವ ಹುಡುಗರು ಆಗ ಬೇಕಾದಷ್ಟಿದ್ದರು, ಅದೇನು ದೊಡ್ಡ ಮಾತಲ್ಲ. ಟ್ರೋಜನ್ಸ್ ಹುಡುಗರು ಇನ್ನೊಂದು ಹೆಜ್ಜೆ ಇಟ್ಟರು. ಇಂಗ್ಲಿಷಿನಲ್ಲಿ ತಮ್ಮದೇ ಹಾಡು ಬರೆದು ತಾವೇ ರಾಗ ಹಾಕಿ ಹಾಡಿದರು. ಹಾಗೆ ಮಾಡಿದ ಇಂಡಿಯಾದ ಮೊದಲ ಬ್ಯಾಂಡುಗಳ ಸಾಲಿನಲ್ಲಿ ಟ್ರೋಜನ್ಸ್ ಹೆಸರನ್ನು ಹೇಳುತ್ತಾರೆ. ಸಿಗರೇಟು ಕಂಪನಿಯವರ 'ಸಿಮ್ಲಾ ಬೀಟ್' ಸ್ಪರ್ಧೆ ದೇಶದ ರಾಕ್ ಬ್ಯಾಂಡುಗಳನ್ನೆಲ್ಲ ಒಂದೆಡೆ ಸೇರಿಸಿ ರೆಕಾರ್ಡು ಹೊರಡಿಸಿದ್ದು 1970ರಲ್ಲಿ. ಬಿದ್ದು ಅದಕ್ಕೆ ಎಷ್ಟೋ ಮುಂಚಿನವನು.

ಬೆಂಗಳೂರು ಸಾಲದೆ ಬ್ಯಾಂಡು ಕಲ್ಕತ್ತೆಗೆ ಹೋಯಿತು. ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್ ಹೋಟೆಲಿನಲ್ಲಿ ಹಾಡಿದರು. (ಮುಂದೆ ಉಷಾ ಉತ್ತುಪ್ ಸೀರೆಯುಟ್ಟು ಹಾಡಿ ಹೆಸರು ಮಾಡಿದ್ದು ಇದೇ ಟ್ರಿಂಕಾಸ್‌ನಲ್ಲಿ.) ಅಲ್ಲಿಂದ ಬೊಂಬಾಯಿ. ಬ್ಯಾಂಡು ಒಡೆದು ಹುಡುಗರು ಚದುರಿದರು. ಬಿದ್ದು ಒಬ್ಬನೇ ಉಳಿದ. 'ಲೋನ್ ಟ್ರೋಜನ್', ಅಂದರೆ ಒಂಟಿ ಟ್ರೋಜನ್ ಅಂತ ಹೆಸರಿಟ್ಟುಕೊಂಡು ಬೊಂಬಾಯಿಯ ವೆನಿಸ್ ಅನ್ನುವ ನೈಟ್‌ಕ್ಲಬ್ಬಿನಲ್ಲಿ ಹಾಡಿದ. 1967ರ ಹೊತ್ತಿಗೆ ಮಧ್ಯಪ್ರಾಚ್ಯದ ದೇಶಗಳ ದಾರಿ ಹಿಡಿದು, ಸಿಕ್ಕ ಗಾಡಿ ಹತ್ತಿಕೊಂಡು ಲಂಡನ್ ಸೇರಿದ.

* * *

ಇಲ್ಲಿ ಒಂದು ಪ್ರಶ್ನೆ. ಹೋದದ್ದು ಯಾಕೆ? ಬೀಟಲ್ಸ್ ಹುಚ್ಚು ಅಂತ ಒಂದೇ ಮಾತಲ್ಲಿ ಹೇಳಬಹುದು. ಆದರೆ ಇಲ್ಲಿದ್ದಿದ್ದರೆ ಏನು ಮಾಡಬಹುದಿತ್ತು ಅಂತ ಸ್ವಲ್ಪ ಲೆಕ್ಕ ಹಾಕಿ ನೋಡಿ.

ರೆಕಾರ್ಡು ಒತ್ತುವ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಕಲ್ಕತ್ತೆಯ ಡಂಡಂನಲ್ಲಿ. ಕನ್ನಡ ಸಿನಿಮಾ ಹಾಡುಗಳು ಧ್ವನಿಮುದ್ರಣ ಆಗುತ್ತಿದ್ದದ್ದು ಮದ್ರಾಸಿನಲ್ಲಿ. ಅಣ್ಣಾವ್ರ ಹಾಡಾದರೂ ಸರಿ, ಯಾರ ಹಾಡಾದರೂ ಸರಿ, ಮದ್ರಾಸಿಗೆ ರೈಲು ಹತ್ತಲೇಬೇಕು. ಬೆಂಗಳೂರಿನಲ್ಲಿ ಆಕಾಶವಾಣಿ ಇತ್ತು, ಆದರೆ ಅದರ ಬಾಗಿಲಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದವನಿಗೆ ಜಾಗವೆಲ್ಲಿ? ಶಂಕರ್‌ನಾಗ್ ಹಠ ಹಿಡಿದು ಬೆಂಗಳೂರಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿಸಿದ್ದು 1980ರ ದಶಕದಲ್ಲಿ. ಅಂದರೆ ಬಿದ್ದು ಊರು ಬಿಟ್ಟು ಹದಿನೈದು ವರ್ಷದ ಮೇಲಾಗಿತ್ತು. ಮೇಲಿನಿಂದ ಆಮದು ನಿರ್ಬಂಧ. ಒಳ್ಳೇ ಗಿಟಾರ್, ಆಂಪ್ಲಿಫೈಯರ್ ಬೇಕಂದರೆ ವಿದೇಶದಿಂದ ಬಂದವರ ಕಾಲು ಹಿಡಿಯಬೇಕು.

ಒಟ್ಟಿನಲ್ಲಿ ಬೆಂಗಳೂರು ಆ ಹುಡುಗನಿಗೆ ಕಿವಿ ಕೊಟ್ಟಿತು, ಗೆಳೆಯರನ್ನು ಕೊಟ್ಟಿತು, ಸಂಜೆ ಹಾಡಲು ಒಂದು ಕ್ಲಬ್ಬು ಕೊಟ್ಟಿತು. ಹಾಡನ್ನು ಉಳಿಸುವ ಯಂತ್ರ ಕೊಡಲಿಲ್ಲ. ಕ್ಲಬ್ಬಿನಲ್ಲಿ ಹಾಡಿದ್ದು ರಾತ್ರಿ ಹನ್ನೊಂದಕ್ಕೆ ಗಾಳಿಗೆ ಹೋಯಿತು. ಹಾಡು ಉಳಿಯಬೇಕಾದರೆ ಊರು ಬಿಡಲೇಬೇಕಿತ್ತು.

* * *

ಲಂಡನ್ನಿನಲ್ಲಿ ಯಾರೂ ಹಾರ ಹಿಡಿದು ನಿಂತಿರಲಿಲ್ಲ. ಸಣ್ಣಪುಟ್ಟ ಕೆಲಸ ಮಾಡಿ ಹಣ ಕೂಡಿಸಿ, ಆ ಹಣದಲ್ಲಿ ಗಂಟೆ ಲೆಕ್ಕದಲ್ಲಿ ಸ್ಟುಡಿಯೋ ಬಾಡಿಗೆ ಹಿಡಿಯುತ್ತಿದ್ದ. ಹಾಡುಗಾರನಾಗಿ ಹೋದವನು ನಿಧಾನಕ್ಕೆ ರೆಕಾರ್ಡ್ ಪ್ರೊಡ್ಯೂಸರ್ ಆದ. ನಮ್ಮಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರು. ರೆಕಾರ್ಡಿನ ಲೋಕದಲ್ಲಿ ಹಾಗಲ್ಲ. ಯಾವ ಹಾಡು, ಯಾರು ಹಾಡಬೇಕು, ಯಾವ ವಾದ್ಯ ಎಲ್ಲಿ ಬರಬೇಕು, ಒಟ್ಟು ಸದ್ದು ಹೇಗಿರಬೇಕು, ಇದನ್ನೆಲ್ಲ ತೀರ್ಮಾನ ಮಾಡುವವನು ಅವನು. ಒಂಥರಾ ಸಿನಿಮಾ ಡೈರೆಕ್ಟರ್ ಇದ್ದಹಾಗೆ. 1969ರಲ್ಲಿ ಜಪಾನಿನ 'ದ ಟೈಗರ್ಸ್' ತಂಡ ಹಾಡಿದ 'ಸ್ಮೈಲ್ ಫಾರ್ ಮಿ' ಹಾಡಿಗೆ ಬಿದ್ದುವೇ ಪ್ರೊಡ್ಯೂಸರ್. ಬರೆದವರು ಬೀ ಜೀಸ್ ಅಣ್ಣತಮ್ಮಂದಿರು. ಅದು ಜಪಾನಿನಲ್ಲಿ ಚೆನ್ನಾಗಿ ಓಡಿತು.

ಆಮೇಲೆ ಬಂತು ನೋಡಿ, ಹತ್ತು ನಿಮಿಷದ ಕಥೆ.

ಆಗಿನ ಸಣ್ಣ ರೆಕಾರ್ಡಿಗೆ ಎರಡು ಮುಖ. 'ಎ' ಕಡೆ ಓಡಬೇಕಾದ ಹಾಡು. 'ಬಿ' ಕಡೆ ಜಾಗ ತುಂಬುವುದಕ್ಕೆ ಏನಾದರೊಂದು. ಜಮೈಕಾದಿಂದ ಬಂದ ಕಾರ್ಲ್ ಡಗ್ಲಸ್ ಎಂಬ ಗಾಯಕನನ್ನು ಕರೆದುಕೊಂಡು ಬಿದ್ದು ಮೂರು ಗಂಟೆಗೆ ಸ್ಟುಡಿಯೋ ಹಿಡಿದಿದ್ದ. ಅಮೆರಿಕದ ಲ್ಯಾರಿ ವೈಸ್ ಬರೆದ ಹಾಡು 'ಎ' ಕಡೆಗೆ. ಅದಕ್ಕೇ ಎರಡು ಗಂಟೆಯ ಮೇಲೆ ಹೋಯಿತು. 'ಬಿ' ಕಡೆಗೆ ಏನಾದರೂ ಬರೆದಿದ್ದೀಯಾ ಅಂತ ಕಾರ್ಲ್‌ನನ್ನು ಕೇಳಿದ. ಅವನು ನಾಲ್ಕೈದು ಹಾಡು ತೋರಿಸಿದ. ಅದರಲ್ಲೊಂದನ್ನು ಆರಿಸಿ ಅಲ್ಲೇ ರಾಗ ಹಾಕಿ, ಉಳಿದಿದ್ದ ಹತ್ತು ನಿಮಿಷದಲ್ಲಿ ಎರಡೇ ಟೇಕಿನಲ್ಲಿ ಮುಗಿಸಿದರು. ಹೇಗೂ 'ಬಿ' ಕಡೆಯ ಹಾಡು, ಯಾರು ಕೇಳುತ್ತಾರೆ ಅಂತ ನಡುನಡುವೆ 'ಹೂ', 'ಹಾ' ಅಂತ ಕೂಗು ಬೇರೆ ಸೇರಿಸಿದರು.

ಅದೇ 'ಕುಂಗ್ ಫೂ ಫೈಟಿಂಗ್'.

ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಕೇಳಿದವನೇ ಇದನ್ನೇ 'ಎ' ಕಡೆಗೆ ಹಾಕಿ ಅಂದ. ಮೊದಮೊದಲು ರೇಡಿಯೋದವರು ಮೂಸಿಯೂ ನೋಡಲಿಲ್ಲ. ಡ್ಯಾನ್ಸ್ ಕ್ಲಬ್ಬುಗಳಲ್ಲಿ ಹತ್ತಿಕೊಂಡಿತು. ಬ್ರೂಸ್ ಲೀ 1973ರಲ್ಲಿ ತೀರಿಕೊಂಡಿದ್ದ, ಅದೇ ವರ್ಷ ಅವನ 'ಎಂಟರ್ ದ ಡ್ರ್ಯಾಗನ್' ಬಂದಿತ್ತು. ಊರೆಲ್ಲ ಕುಂಗ್ ಫೂ ಜ್ವರ. 1974ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ನಂಬರ್ ಒನ್, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನಂಬರ್ ಒನ್. ಮಾರಾಟವಾದ ಪ್ರತಿಗಳು ಸುಮಾರು 1.1 ಕೋಟಿ ಅಂತ ಲೆಕ್ಕ. 2008ರ 'ಕುಂಗ್ ಫೂ ಪಾಂಡಾ' ಸಿನಿಮಾದಲ್ಲಿ ಹೊಸದಾಗಿ ಹಾಡಿಸಿದರಲ್ಲ, ಮಕ್ಕಳೆಲ್ಲ ಕುಣಿದರಲ್ಲ, ಅದೇ ಹಾಡು.

ಇದು ಮಹಾನ್ ಹಾಡು ಅಂತ ನಾನು ವಾದ ಮಾಡುವುದಿಲ್ಲ. ಚೀನೀಯರನ್ನು ಗೊಂಬೆಗಳಂತೆ ತೋರಿಸುತ್ತದೆ ಅನ್ನುವ ಆಕ್ಷೇಪವೂ ಇದೆ, ಅದರಲ್ಲಿ ಹುರುಳೂ ಇದೆ. ನನಗೆ ಮುಖ್ಯ ಅನಿಸುವುದು ಆ ಹತ್ತು ನಿಮಿಷ. ಸ್ಟುಡಿಯೋ ಅನ್ನುವುದು ಗಂಟೆ ಲೆಕ್ಕದ ದುಡ್ಡು ಅಂತ ಗೊತ್ತಿದ್ದವನಿಗೆ ಮಾತ್ರ ಹತ್ತು ನಿಮಿಷ ಉಳಿದಾಗ ಮನೆಗೆ ಹೋಗಲು ಮನಸ್ಸಾಗುವುದಿಲ್ಲ. ಆರಾಮಾಗಿ ಬೆಳೆದವನಾಗಿದ್ದರೆ 'ಬಿ' ಕಡೆ ನಾಳೆ ನೋಡೋಣ ಅನ್ನುತ್ತಿದ್ದನೇನೋ!

ಇದರ ಹಿಂದೆಯೇ ಡಿಸ್ಕೋ ಕಾಲ ಬಂತು. ಒಂದೊಂದು ಏಟಿಗೂ ದೊಡ್ಡ ಡ್ರಮ್ಮು ಧಂ ಧಂ ಅನ್ನಬೇಕು, ಅದರ ಮೇಲೆ ಪಿಟೀಲುಗಳ ದಂಡು ಹರಿಯಬೇಕು. ಜಾತ್ರೆಯಲ್ಲಿ ತಮಟೆಗೆ ಹೆಜ್ಜೆ ಹಾಕಿದವರಿಗೆ ಈ ಏಟಿನ ಮರ್ಮ ಬೇರೆ ಹೇಳಬೇಕಾಗಿಲ್ಲ. ಆ ಸದ್ದನ್ನು ಇಂಗ್ಲೆಂಡಿನಲ್ಲಿ ಮೊದಮೊದಲು ಕಟ್ಟಿದವರಲ್ಲಿ ಬಿದ್ದು ಒಬ್ಬ. 'ಬಿದ್ದು ಆರ್ಕೆಸ್ಟ್ರಾ' ಅಂತ ತನ್ನ ಹೆಸರಿನಲ್ಲೇ ತಂಡ ಕಟ್ಟಿ 1975ರಲ್ಲಿ 'ಸಮ್ಮರ್ ಆಫ್ ಫಾರ್ಟಿಟೂ' ರಾಗವನ್ನು ಡಿಸ್ಕೋ ಮಾಡಿ ಗೆದ್ದ. 1976ರಲ್ಲಿ ಟೀನಾ ಚಾರ್ಲ್ಸ್ ಎಂಬ ಗಾಯಕಿಗೆ ಮಾಡಿಕೊಟ್ಟ 'ಐ ಲವ್ ಟು ಲವ್' ಮತ್ತೆ ಇಂಗ್ಲೆಂಡಿನಲ್ಲಿ ನಂಬರ್ ಒನ್. ಆ ಟೀನಾ ಚಾರ್ಲ್ಸ್ ಹಿಂದೆ ವಾದ್ಯ ನುಡಿಸುತ್ತಿದ್ದ ಟ್ರೆವರ್ ಹಾರ್ನ್ ಮತ್ತು ಗೆಳೆಯರೇ ಮುಂದೆ 1979ರಲ್ಲಿ 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್' ಮಾಡಿದ್ದು, 1981ರಲ್ಲಿ ಎಂಟಿವಿ ಶುರುವಾದಾಗ ತೋರಿಸಿದ ಮೊಟ್ಟಮೊದಲ ವಿಡಿಯೋ ಅದು. ರೇಡಿಯೋ ಸಿಲೋನ್ ಕೇಳಿ ಬೆಳೆದ ಹುಡುಗನ ಗರಡಿಯ ಪಕ್ಕದಲ್ಲೇ ರೇಡಿಯೋ ಕಾಲದ ಚರಮಗೀತೆಯೂ ಹುಟ್ಟಿತು ಅನ್ನಿ :)

* * *

ಈಗ ನಮ್ಮ ಕಡೆಗೆ ಬರೋಣ.

ನಟ, ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದು, ಓದಿದ್ದು ಬೆಂಗಳೂರಿನಲ್ಲಿ. 2009ರಲ್ಲಿ ತೀರಿಕೊಂಡದ್ದೂ ಇಲ್ಲೇ. 'ಕುರ್ಬಾನಿ' ಸಿನಿಮಾ ಮಾಡುವಾಗ ಲಂಡನ್ನಿನಲ್ಲಿ ಒಬ್ಬಳು ಪಾಕಿಸ್ತಾನಿ ಹುಡುಗಿಯ ದನಿ ಅವನಿಗೆ ಹಿಡಿಸಿತು. ಹೆಸರು ನಾಜಿಯಾ ಹಸನ್, ಹದಿನೈದರ ಆಸುಪಾಸಿನ ವಯಸ್ಸು. ಸಿನಿಮಾದ ಉಳಿದ ಹಾಡುಗಳೆಲ್ಲ ಕಲ್ಯಾಣ್‌ಜೀ ಆನಂದ್‌ಜೀ ಅವರದು. ಇವಳ ಒಂದು ಹಾಡನ್ನು ಮಾತ್ರ ಬಿದ್ದು ಕೈಗೆ ಕೊಟ್ಟ. ಬೆಂಗಳೂರಿನವನೊಬ್ಬ ಕೇಳಿದ, ಬೆಂಗಳೂರಿನವನೊಬ್ಬ ಮಾಡಿಕೊಟ್ಟ, ಹಾಡಿದವಳು ಕರಾಚಿಯವಳು, ಮುದ್ರಣ ಲಂಡನ್ನಿನಲ್ಲಿ, ತೆರೆಯ ಮೇಲೆ ಜೀನತ್ ಅಮಾನ್. 1980ರ 'ಆಪ್ ಜೈಸಾ ಕೋಯಿ' ತಯಾರಾದದ್ದು ಹೀಗೆ.

ಆ ಹಾಡು ಆಗ ಬೇರೆ ಥರ ಕೇಳಿಸಿದ್ದಕ್ಕೆ ಕಾರಣ ಇದೆ. ಮದ್ರಾಸು, ಬೊಂಬಾಯಿಯ ಸ್ಟುಡಿಯೋಗಳಲ್ಲಿ ಆಗ ಹಾಡು ಮುದ್ರಣ ಅಂದರೆ ಹೆಚ್ಚಾಗಿ ಎಲ್ಲರೂ ಒಂದೇ ಹಾಲಿನಲ್ಲಿ ಕೂತು ಒಟ್ಟಿಗೆ ನುಡಿಸಬೇಕು, ಗಾಯಕರೂ ಜೊತೆಗೇ ಹಾಡಬೇಕು. ಐವತ್ತು ಜನರಲ್ಲಿ ಒಬ್ಬ ತಪ್ಪಿದರೂ ಮತ್ತೆ ಮೊದಲಿಂದ. ಅದರಲ್ಲಿ ಒಂದು ಜೀವಂತಿಕೆ ಇತ್ತು ನಿಜ. ಲಂಡನ್ನಿನ ಪದ್ಧತಿ ಬೇರೆ. ಡ್ರಮ್ಮು ಒಂದು ಟ್ರ್ಯಾಕು, ಬಾಸ್ ಗಿಟಾರ್ ಇನ್ನೊಂದು ಟ್ರ್ಯಾಕು, ಹೀಗೆ ಬಿಡಿಬಿಡಿಯಾಗಿ ಹಿಡಿದು ಆಮೇಲೆ ಬೆರೆಸುವುದು. ನಾಜಿಯಾಳ ದನಿಯನ್ನೂ ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸಿದರು. ಎಳೆಯ ದನಿಗೆ ಮೈ ಬಂತು. ಅಲ್ಲಿಯವರೆಗೆ ಹಿಂದಿ ಸಿನಿಮಾ ಅಂದರೆ ಲತಾ, ಆಶಾ. ಅವರ ಎತ್ತರದ ಪಳಗಿದ ಕಂಠಗಳ ನಡುವೆ ಪಕ್ಕದ ಮನೆ ಹುಡುಗಿ ಹಾಡಿದಂಥ ದನಿಯೊಂದು ಬಂದು ಕೂತಿತು. ಮರುವರ್ಷ ಆ ಹುಡುಗಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು.

1981ರಲ್ಲಿ ನಾಜಿಯಾ ಮತ್ತು ಅವಳ ತಮ್ಮ ಜೊಹೇಬ್ ಹಾಡಿದ 'ಡಿಸ್ಕೋ ದೀವಾನೆ'. ಇದು ಸಿನಿಮಾ ಹಾಡುಗಳ ರೆಕಾರ್ಡಲ್ಲ. ನಾಯಕ ಇಲ್ಲ, ನಾಯಕಿ ಇಲ್ಲ, ಕಥೆ ಇಲ್ಲ, ಬರೀ ಹಾಡು. ಸಿನಿಮಾ ಇಲ್ಲದೆಯೂ ಹೊಸ ಹಾಡು ಇಂಡಿಯಾದ ಊರೂರಲ್ಲಿ ಮಾರಬಹುದು ಅಂತ ಅದು ತೋರಿಸಿಕೊಟ್ಟಿತು. 2012ರಲ್ಲಿ ಕರಣ್ ಜೋಹರ್ ಸಿನಿಮಾದಲ್ಲಿ ಅದನ್ನೇ ಮತ್ತೆ ಬಳಸಿಕೊಂಡರು.

ಕಾಳಿಂಗರಾಯರು ತೀರಿಕೊಂಡದ್ದೂ 1981ರಲ್ಲೇ. ಕವಿತೆಯನ್ನು ಸಿನಿಮಾದ ಹಂಗಿಲ್ಲದೆ ಜನರ ಬಾಯಿಗೆ ತಂದವರು ಅವರು. ದಾರಿ ಬೇರೆ, ಭಾಷೆ ಬೇರೆ, ಘನತೆಯೂ ಬೇರೆ. ಆದರೆ 'ಹಾಡಿಗೆ ಸಿನಿಮಾ ಬೇಕಿಲ್ಲ' ಅನ್ನುವ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಕಡೆ ನಿಂತವರು. ಒಬ್ಬರನ್ನು ನಾವು ಪೂಜಿಸುತ್ತೇವೆ, ಇನ್ನೊಬ್ಬರ ಹೆಸರೂ ನಮಗೆ ಬೇಕಾಗಿಲ್ಲ.

ಇನ್ನು 'ಮೇಡ್ ಇನ್ ಇಂಡಿಯಾ'. ಈ ಹಾಡನ್ನು ಬಿದ್ದು ಮೊದಲು ಮಾಡಿದ್ದು ನಾಜಿಯಾಗಾಗಿ. ಪಾಕಿಸ್ತಾನದವರು ಬೇಸರ ಮಾಡಿಕೊಳ್ಳುತ್ತಾರೆ ಅಂತ ಅವಳು ಒಪ್ಪಲಿಲ್ಲ. ಅಲಿಶಾ ಚಿನಾಯ್ ಹಾಡಿದಳು. 1995ರಲ್ಲಿ ಮ್ಯಾಗ್ನಾಸೌಂಡ್ ಕಂಪನಿ ಕ್ಯಾಸೆಟ್ ತಂದಿತು. ಹಾವು, ಆನೆ, ಮರದ ಪೆಟ್ಟಿಗೆಯಿಂದ ಎದ್ದು ಬರುವ ಮಿಲಿಂದ್ ಸೋಮನ್, ನೆನಪಾಯಿತಾ? ಪೇಟೆ ತೆರೆದುಕೊಂಡು ನಾಲ್ಕು ವರ್ಷ ಆಗಿತ್ತು, ಕೇಬಲ್ ಟಿವಿ ಆಗಷ್ಟೇ ಹಳ್ಳಿ ಕಡೆಗೆ ಕಾಲಿಡುತ್ತಿತ್ತು. ಕುದೂರಿನ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಹಂಸಲೇಖ ಹಾಡುಗಳ ಮಧ್ಯೆ ಇದೂ ದಿನಕ್ಕೆ ಹತ್ತು ಸಲ ಓಡುತ್ತಿತ್ತು. ನಾಜಿಯಾ 2000ನೇ ಇಸವಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು, ಬರೀ ಮೂವತ್ತೈದು ವರ್ಷ. ಬಿದ್ದು 2010ರಲ್ಲಿ ತನ್ನ ಆತ್ಮಕಥೆ ಬರೆದಾಗ ಅದಕ್ಕೆ ಇಟ್ಟ ಹೆಸರೂ 'ಮೇಡ್ ಇನ್ ಇಂಡಿಯಾ' ಅಂತಲೇ.

* * *

ಸರಿ, ಇಷ್ಟೆಲ್ಲ ಯಾಕೆ ಬರೆದೆ?

ನಮ್ಮ ಅಕ್ಕನ ಮಗ ಒಬ್ಬನಿದ್ದಾನೆ. ಕುದೂರಲ್ಲೇ ಬೆಳೆದವನು, ತುಮಕೂರಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜಕ್ಕೆ ಬಂದರೆ ಅಟ್ಟದ ಮೇಲೆ ಗಿಟಾರ್, ಲ್ಯಾಪ್‌ಟಾಪು, ಒಂದು ಅಗ್ಗದ ಮೈಕು ಇಟ್ಟುಕೊಂಡು ಕೂತುಬಿಡುತ್ತಾನೆ. ಬಿದ್ದು ಸಮುದ್ರ ದಾಟಿ ಹೋಗಿ, ಹೊಟ್ಟೆ ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆ ಹಿಡಿದನಲ್ಲ, ಆ ಇಡೀ ಸ್ಟುಡಿಯೋ ಅವನ ತೊಡೆಯ ಮೇಲಿದೆ. ಎಷ್ಟು ಟ್ರ್ಯಾಕು ಬೇಕಾದರೂ ಹಾಕಬಹುದು. ನಮ್ಮ ಭಾವ ಕೆಳಗಿನಿಂದ "ಅದರಿಂದ ಹೊಟ್ಟೆಗೇನಾದ್ರೂ ಬರುತ್ತೇನೋ?" ಅಂತ ಕೂಗುತ್ತಾರೆ. ಅದು ಎಲ್ಲ ಅಪ್ಪಂದಿರ ಪ್ರಶ್ನೆ, ಬಿಡಿ. ಹುಡುಗ ನನ್ನನ್ನು ಕೇಳಿದ್ದು ಬೇರೆ. "ಮಾವ, ನಮ್ಮ ಕಡೆಯಿಂದ ಹಿಂದೆ ಯಾರಾದ್ರೂ ಇದನ್ನೆಲ್ಲ ಮಾಡಿದ್ರಾ? ಇಲ್ಲ ನಾನೇ ಮೊದಲಾ?"

ಆ ಪ್ರಶ್ನೆಯಲ್ಲಿ ಒಂಟಿತನ ಇತ್ತು. ಕರ್ನಾಟಕ ಸಂಗೀತ ಕಲಿಯುವ ಹುಡುಗಿಗೆ ಹಿಂದೆ ಒಂದು ಪರಂಪರೆ ಇರುತ್ತದೆ. ತತ್ವಪದ ಹಾಡುವವನಿಗೆ ಶರೀಫರಿದ್ದಾರೆ. ಯಕ್ಷಗಾನದ ಭಾಗವತನಿಗೆ ಗುರುಗಳ ಸಾಲೇ ಇದೆ. ಗಿಟಾರ್ ಹಿಡಿದ ಕುದೂರಿನ ಹುಡುಗ ಹಿಂದೆ ತಿರುಗಿ ನೋಡಿದರೆ ಅಮೆರಿಕದ ಗೋಡೆಪಟಗಳು ಮಾತ್ರ ಕಾಣುತ್ತವೆ. ಕಾಣುವಂತೆ ಮಾಡಿರುವುದು ನಾವೇ. ಒಬ್ಬ ಮನುಷ್ಯ ನಮ್ಮವನೋ ಅಲ್ಲವೋ ಅಂತ ತೀರ್ಮಾನ ಮಾಡಲು ನಾವು ಒಂದೇ ಗಜಕಡ್ಡಿ ಇಟ್ಟುಕೊಂಡಿದ್ದೇವೆ, ಅವನು ಯಾವ ಭಾಷೆಯಲ್ಲಿ ಹಾಡಿದ ಅಂತ. ಆ ಗಜಕಡ್ಡಿಯಲ್ಲಿ ಬಿದ್ದು ಮೂರು ಸಲ ಸೋಲುತ್ತಾನೆ. ಮನೆತನ ಕೊಡವರದು, ಹಾಡ ಶುರು ಮಾಡಿದ್ದು ಇಂಗ್ಲಿಷಿನಲ್ಲಿ, ಇಲ್ಲಿಯವರಿಗೆ ಪರಿಚಯವಾದದ್ದು ಹಿಂದಿಯಲ್ಲಿ.

ಭಾಷೆಯ ಗಜಕಡ್ಡಿ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಹಾಡದವರನ್ನು ಕನ್ನಡ ಹಾಡುಗಾರ ಅನ್ನಲು ಆಗುವುದಿಲ್ಲ, ಅನ್ನಲೂಬಾರದು. 'ನಮ್ಮ ಹೆಮ್ಮೆಯ ಬಿದ್ದು' ಅಂತ ಬ್ಯಾನರ್ ಕಟ್ಟುವುದೂ ಬೇಡ. ಊರು ಏನೂ ಕೊಡದೆ ಹೆಮ್ಮೆಯಲ್ಲಿ ಮಾತ್ರ ಪಾಲು ಕೇಳುವುದು ಚೆನ್ನಾಗಿರುವುದಿಲ್ಲ. ಆದರೆ ಊರಿನ ಚರಿತ್ರೆ ಬರೆಯುವಾಗ ಜಮಾ-ಖರ್ಚು ಎರಡೂ ಬರೆಯಬೇಕಲ್ಲ? ನಮ್ಮ ನೆಲದಲ್ಲಿ ಮೊಳೆತು, ಇಲ್ಲಿ ನೀರು ಸಿಗದೆ ಬೇರೆ ಕಡೆ ಬೆಳೆದ ಗಿಡಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಹಿಡಿದರೆ ಮಾತ್ರ ಇಲ್ಲಿ ಏನು ಕೊರತೆ ಇತ್ತು ಅನ್ನೋದು ಗೊತ್ತಾಗೋದು.

ಇನ್ನೊಂದು ಮಾತು. ಪಾರ್ಕಿನ ಆಚೆಯ ಸದ್ದು ಕನ್ನಡಕ್ಕೆ ಬರಲೇ ಇಲ್ಲ ಅಂತಲೂ ಅಲ್ಲ. ಕದ್ದುಮುಚ್ಚಿ ಬಂತು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಜಿ.ಕೆ. ವೆಂಕಟೇಶ್ ಅವರು ಅಣ್ಣಾವ್ರ ಕೈಲಿ ಇಂಗ್ಲಿಷ್ ಹಾಡು ಹೇಳಿಸಿದ್ದು ಎಲ್ಲರಿಗೂ ಗೊತ್ತು. 1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಡ್ರಮ್ಮು, ಗಿಟಾರುಗಳನ್ನು ಕನ್ನಡದ ಮಾತಿಗೆ ಹೊಂದಿಸಿ ರಾಜ್ಯವನ್ನೇ ಕುಣಿಸಿದರು. ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್ ಶರೀಫರ ಪದಗಳನ್ನು ಗಿಟಾರಿಗೆ ಕಟ್ಟಿ 2008ರಲ್ಲಿ ಆಲ್ಬಂ ತಂದು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿ ಬಂದರು. ಬಿದ್ದು ಇಂಗ್ಲಿಷ್ ಹಾಡು ಹಿಡಿದು ಹೋದ ದೇಶಕ್ಕೆ ಇವರು ಕನ್ನಡವನ್ನೇ ಹಿಡಿದು ಹೋದರು. ನಡುವೆ ನಲವತ್ತು ಚಿಲ್ಲರೆ ವರ್ಷ. ಆ ನಲವತ್ತು ವರ್ಷದಲ್ಲಿ ಎರಡು ಬೆಂಗಳೂರುಗಳು ನಿಧಾನಕ್ಕೆ ಒಂದನ್ನೊಂದು ಕೇಳಿಸಿಕೊಳ್ಳಲು ಕಲಿತವು.

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟು: ನೀನು ಮೊದಲಿಗನಲ್ಲ ಕಣೋ. ನಿನಗಿಂತ ಅರವತ್ತು ವರ್ಷ ಮುಂಚೆ, ನಮ್ಮೂರಿಂದ ಐವತ್ತು-ಅರವತ್ತು ಕಿಲೋಮೀಟರ್ ದೂರದಲ್ಲಿ ಒಬ್ಬ ಶುರು ಮಾಡಿದ್ದ. ಅವನು ಹೊರಡಬೇಕಾಯಿತು, ನೀನು ಹೊರಡಬೇಕಾಗಿಲ್ಲ. ಅವನಿಗೆ ಹತ್ತು ನಿಮಿಷ ಸಿಕ್ಕಿತು, ನಿನಗೆ ಇಡೀ ರಾತ್ರಿ ಇದೆ. ಹಾಡು ಮಾತ್ರ ನಿನ್ನದೇ ಆಗಿರಲಿ, ಟ್ರೋಜನ್ಸ್ ಹುಡುಗರ ಹಾಗೆ.

ಕೊನೆಯದಾಗಿ ನಿಮಗೊಂದು ಕೆಲಸ. ದಾವಣಗೆರೆ, ಹುಬ್ಬಳ್ಳಿ, ಮಂಗಳೂರು, ಕೋಲಾರದ ಚಿನ್ನದ ಗಣಿ ಕಡೆ, ನಿಮ್ಮ ನಿಮ್ಮ ಊರಿನ ಆರ್ಕೆಸ್ಟ್ರಾಗಳಲ್ಲಿ ಮೊದಲು ಎಲೆಕ್ಟ್ರಿಕ್ ಗಿಟಾರ್ ಹಿಡಿದವರು ಯಾರು? ಗಣೇಶನ ಪೆಂಡಾಲಿನಲ್ಲಿ ಡ್ರಮ್ಸ್ ಬಾರಿಸಿದವರು ಯಾರು? ಅವರಲ್ಲಿ ಹಲವರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸಿರಬೇಕು. ಹೋಗಿ ಮಾತಾಡಿಸಿ, ಬರೆದಿಡಿ. ಅವರ ಹಾಡಂತೂ ಗಾಳಿಗೆ ಹೋಯಿತು, ನೆನಪಾದರೂ ಉಳಿಯಲಿ.